ಹ್ಯಾಮ್ ಹಾಕಿದ ಬೇಕ್ಡ್ ಪಾಸ್ತಾ: ಸಾಸ್ ತೆಳ್ಳಗಿದ್ದರೆ ಹೆದರಬೇಡಿ

ಮನೆಯಲ್ಲಿ ಮಾಡಿದ ಬೇಕ್ಡ್ ಪಾಸ್ತಾ ಒಣಗಿ ಮುದ್ದೆಯಾಗುತ್ತದೆ ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಸಾಸ್ ತೆಳ್ಳಗಿರಲಿ. ಓವನ್‌ಗೆ ಹೋದ ಮೇಲೂ ಪಾಸ್ತಾ ಅದನ್ನು ಹೀರುತ್ತಲೇ ಇರುತ್ತದೆ. ಬಾಣಲೆಯಲ್ಲಿ ಹದವಾಗಿ ಕಂಡ ಸಾಸ್ ತಟ್ಟೆಗೆ ಬರುವಷ್ಟರಲ್ಲಿ ಮಾಯ.

ನಾವು ಕೊಡಗಿನವರು, ಈಗ ಇರುವುದು ಮಡಗಾಂವ್‌ನಲ್ಲಿ. ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸಿದ ಹಂದಿ ಮಾಂಸ ತಿಂದೇ ಬೆಳೆದವರು. ಹಾಗಾಗಿ ಸ್ಮೋಕ್ಡ್ ಹ್ಯಾಮ್ ಒಗ್ಗಿಹೋಯಿತು. ಇಲ್ಲಿನ ಕೋಲ್ಡ್ ಸ್ಟೋರೇಜ್ ಅಂಗಡಿಗಳಲ್ಲಿ ಸಿಗುತ್ತದೆ. ಸ್ಯಾಂಡ್‌ವಿಚ್‌ಗೆ ಹಾಕುವ ತೆಳು ಸ್ಲೈಸ್ ಬೇಡ, ದಪ್ಪ ತುಂಡೇ ಕೇಳಿ. ಗೋವಾದಲ್ಲಿದ್ದು ಚೊರಿಸೊ (ಇಲ್ಲಿನ ಖಾರದ ಹಂದಿ ಸಾಸೇಜ್) ಯಾಕೆ ಹಾಕಲ್ಲ ಅಂತ ಪಕ್ಕದ ಮನೆಯವರು ಕೇಳುತ್ತಾರೆ. ಅದರ ವಿನೆಗರ್, ಮೆಣಸಿನಕಾಯಿಯ ಮುಂದೆ ಹಾಲು, ಚೀಸ್ ಸೊಲ್ಲೆತ್ತುವುದಿಲ್ಲ. ಅದು ಪಾವ್ ಜೊತೆಗೇ ಚೆಂದ.

200 ಗ್ರಾಂ ಹ್ಯಾಮ್ ಅನ್ನು ಅರ್ಧ ಇಂಚಿನ ತುಂಡು ಮಾಡಿ ಒಣ ಬಾಣಲೆಗೆ ಹಾಕುತ್ತೇನೆ. ಮೊದಲು ನೀರು ಬಿಡುತ್ತದೆ. ಆ ನೀರು ಆರಿದಾಗ ಸದ್ದೇ ಬೇರೆ, ಚಟಪಟ ಅನ್ನುತ್ತದೆ. ಅಂಚು ಕಂದು ಬಣ್ಣಕ್ಕೆ ಬಂದರೆ ತೆಗೆದಿಡಿ. ಬಾಣಲೆ ತೊಳೆಯಬೇಡಿ, ತಳಕ್ಕೆ ಅಂಟಿದ್ದರಲ್ಲೇ ರುಚಿ ಇರುವುದು.

ಅದರಲ್ಲೇ 40 ಗ್ರಾಂ ಬೆಣ್ಣೆ, ಕರಗಿದ ಮೇಲೆ ಅಷ್ಟೇ ತೂಕದ ಮೈದಾ. ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವವರೆಗೆ ಕೈಯಾಡಿಸಿ. ಆಮೇಲೆ ಮುಕ್ಕಾಲು ಲೀಟರ್ ಬೆಚ್ಚಗಿನ ಹಾಲು, ಸ್ವಲ್ಪ ಸ್ವಲ್ಪವೇ. ಮೊದಲ ಸೌಟಿಗೆ ಹಿಟ್ಟು ಗಟ್ಟಿ ಉಂಡೆಯಾಗುತ್ತದೆ. ಅದು ನುಣ್ಣಗಾದ ಮೇಲೇ ಎರಡನೆಯದು, ಅವಸರ ಮಾಡಿದರೆ ಗಂಟು. ಒಂದು ಕುದಿ ಬಂದಾಗ ನೀರುದೋಸೆ ಹಿಟ್ಟಿಗಿಂತ ಕೊಂಚ ದಪ್ಪ ಇರಬೇಕು. ಸೌಟಿನ ಬೆನ್ನ ಮೇಲೆ ಬೆರಳಿನಿಂದ ಗೆರೆ ಎಳೆದು ನೋಡಿ. ಗೆರೆ ಮೆಲ್ಲಗೆ ಮುಚ್ಚಿಕೊಂಡರೆ ಸರಿ. ಹಾಗೇ ನಿಂತರೆ ಇನ್ನಷ್ಟು ಹಾಲು ಬೇಕು.

ಚೀಸ್ ಹಾಕುವುದು ಉರಿ ಆರಿಸಿದ ಮೇಲೆ. ಕುದಿಯುವಾಗ ಹಾಕಿದರೆ ಚೆಡ್ಡಾರ್ ಎಣ್ಣೆ ಬಿಟ್ಟು ತರಿತರಿಯಾಗುತ್ತದೆ. 120 ಗ್ರಾಂ ಚೆಡ್ಡಾರ್ ಸಾಸ್ ಒಳಗೆ, 80 ಗ್ರಾಂ ಮೊಝರೆಲ್ಲಾ ಮೇಲಕ್ಕೆ. ಒಂದು ಅಮುಲ್ ಕ್ಯೂಬ್ ಕೂಡ ತುರಿದು ಹಾಕುತ್ತೇನೆ. ಮೂಗು ಮುರಿಯುವವರು ಮುರಿಯಲಿ. ಪ್ರೊಸೆಸ್ಡ್ ಚೀಸ್‌ನಲ್ಲಿ ಕೊಬ್ಬು, ನೀರು ಬೇರೆಯಾಗದಂತೆ ಹಿಡಿದಿಡುವ ಎಮಲ್ಸಿಫೈಯರ್ ಇರುತ್ತದೆ, ಅದರಿಂದ ಸಾಸ್ ಒಡೆಯುವುದಿಲ್ಲ. ಚಿಟಿಕೆ ಜಾಯಿಕಾಯಿ, ಜಾಸ್ತಿಯೇ ಕರಿಮೆಣಸಿನ ಪುಡಿ. ಉಪ್ಪು ಕೊನೆಗೆ, ರುಚಿ ನೋಡಿಯೇ. ಹ್ಯಾಮ್‌ನಲ್ಲೂ ಚೀಸ್‌ನಲ್ಲೂ ಇದ್ದೇ ಇದೆ ಅಲ್ವಾ.

300 ಗ್ರಾಂ ಪೆನ್ನೆಯನ್ನು (ಕೊಳವೆಯಾಕಾರದ ಪಾಸ್ತಾ) ಪ್ಯಾಕೆಟ್‌ನಲ್ಲಿ ಹೇಳಿದ್ದಕ್ಕಿಂತ ಎರಡು ಮೂರು ನಿಮಿಷ ಕಡಿಮೆ ಬೇಯಿಸಿ. ಕಚ್ಚಿದರೆ ನಡುವೆ ಬಿಳಿ ಚುಕ್ಕೆ ಕಾಣಬೇಕು. ತೆಗೆದಿಟ್ಟ ಹ್ಯಾಮ್ ಜೊತೆ ಸಾಸ್‌ಗೆ ಸೇರಿಸಿದಾಗ ಪಾಯಸದ ಹಾಗೆ ಅಲ್ಲಾಡುತ್ತದೆ, ಅದೇ ಹದ.

ಓವನ್ ಪಾತ್ರೆಗೆ ಸುರಿದು ಮೇಲಕ್ಕೆ ಮೊಝರೆಲ್ಲಾ, ಅದರ ಮೇಲೆ ಪಾವ್ ಪುಡಿ. ಪೊದೇರ್ (ಇಲ್ಲಿನ ಪಾವ್ ಮಾರುವವ) ಸೈಕಲ್ ಮೇಲೆ ತಂದು ಕೊಟ್ಟ ಪಾವ್ ಉಳಿದಿದ್ದರೆ ಅದೇ ಸಾಕು. ಮಳೆಗಾಲದಲ್ಲಿ ಇಲ್ಲಿ ಪಾವ್ ಸುಮ್ನೆ ಇಟ್ಟರೆ ಒಣಗಲ್ಲ, ಬೂಸ್ಟು ಹಿಡಿಯುತ್ತದೆ. ಹಾಗಾಗಿ ಪುಡಿ ಮಾಡಿ ಬೆಣ್ಣೆಯಲ್ಲಿ ಗರಿಗರಿಯಾಗಿ ಹುರಿದುಕೊಳ್ಳುತ್ತೇನೆ.

ಮೊದಲೇ ಕಾಯಿಸಿದ ಓಟಿಜಿಯಲ್ಲಿ (ಪುಟ್ಟ ಕರೆಂಟ್ ಓವನ್) 200 ಡಿಗ್ರಿ, ಸುಮಾರು 20 ನಿಮಿಷ. ಅಂಚಿನಲ್ಲಿ ಸಾಸ್ ಕೊತಕೊತ ಅನ್ನತೊಡಗಿದರೆ ಮೇಲಿನ ರಾಡ್ ಮಾತ್ರ ಇಟ್ಟು ಬಣ್ಣ ಬರಿಸಿ. ಅಲ್ಲಿಂದ ಕದಲಬೇಡಿ, ಪಾವ್ ಪುಡಿ ಬೇಗ ಕರಕಾಗುತ್ತದೆ. ಹೊರಗೆ ತೆಗೆದು ಹತ್ತು ನಿಮಿಷ ಬಿಡಿ. ಮಕ್ಕಳು ಗಲಾಟೆ ಮಾಡಿದರೂ ಬಿಡಿ, ತಕ್ಷಣ ಬಡಿಸಿದರೆ ಎಲ್ಲ ಹರಿದುಹೋಗುತ್ತದೆ.

ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು, ಮರುದಿನ ನಾಲ್ಕು ಚಮಚ ಹಾಲು ಚಿಮುಕಿಸಿ, ಫಾಯಿಲ್ ಮುಚ್ಚಿ 160 ಡಿಗ್ರಿಯಲ್ಲಿ ಬಿಸಿ ಮಾಡಿ. ಮೇಲಿನ ಗರಿಗರಿ ಹೋಗಿರುತ್ತದೆ, ಹ್ಯಾಮ್‌ನ ರುಚಿ ಮಾತ್ರ ಇನ್ನೂ ಚೆನ್ನಾಗಿ ಹಿಡಿದಿರುತ್ತದೆ.