ಮೂರನೇ ಡೈಗೆ ಒಲಿದ ತಾಮ್ರ

"ಹಾಕಿದ್ದೂ 12 ಎಂಎಂ ರಾಡು, ಬಂದಿದ್ದೂ 12 ಎಂಎಂ ರಾಡು. ಇದಕ್ಕೆ ಇಷ್ಟು ಖರ್ಚಾ ಸಾರ್?" ಅಂತ ಪೀಣ್ಯದಲ್ಲಿ ಪಕ್ಕದ ಶೆಡ್ಡಿನವರು ನಗ್ತಿದ್ದರು. ಈಗ ಅವರೇ ಪೀಸ್ ಕೇಳಿಕೊಂಡು ಬರ್ತಾರೆ.

1970ರ ದಶಕದಲ್ಲಿ ಮಿನ್ಸ್ಕ್‌ನಲ್ಲಿ ಸೆಗಾಲ್ ತಂಡ ಶುರುಮಾಡಿದ ಇಸಿಎಪಿ (ಈಕ್ವಲ್ ಚಾನೆಲ್ ಆಂಗ್ಯುಲರ್ ಪ್ರೆಸಿಂಗ್) ಕೆಲಸ ಇದು: ಮೂಲೆ ತಿರುಗೋ ಒಂದೇ ಅಳತೆಯ ತೂತಲ್ಲಿ ರಾಡ್ ತಳ್ಳಿದರೆ ದಪ್ಪ ಬದಲಾಗಲ್ಲ, ಒಳಗಿನ ಕಣ ಸಣ್ಣದಾಗಿ ಲೋಹ ಗಟ್ಟಿಯಾಗುತ್ತೆ. ನನ್ನ ಹತ್ತಿರ ಇದ್ದದ್ದು 40 ಟನ್ನಿನ ಹಳೇ ಹೈಡ್ರಾಲಿಕ್ ಪ್ರೆಸ್. ಮೊದಲ ಡೈ (ರಾಡ್ ತೂರಿಸೋ ಅಚ್ಚು) ಒಂದೇ ಡಿ2 ಟೂಲ್ ಸ್ಟೀಲ್ ಬ್ಲಾಕು, ಒಳಗೆ 90 ಡಿಗ್ರಿಗೆ ಕೂಡೋ ಎರಡು ತೂತು. ಮೂರನೇ ಬಿಲೆಟ್‌ಗೆ (ತಳ್ಳೋ ರಾಡ್ ತುಂಡಿಗೆ) ಒಳಮೂಲೆಯಿಂದ ಟಪ್ ಅಂತ ಸೀಳಿತು. ಹೀಟ್ ಟ್ರೀಟ್‌ಮೆಂಟ್ ಸೇರಿ ಹದಿನೆಂಟು ಸಾವಿರ ಗುಜರಿಗೆ. ಎರಡನೇದು ಬೋಲ್ಟ್ ಹಾಕಿದ ಎರಡು ಹೋಳು. ಒತ್ತಡಕ್ಕೆ ಬಾಯಿಬಿಟ್ಟು, ಸಂದಿಯಲ್ಲಿ ತಾಮ್ರ ಹಪ್ಪಳದ ಹಾಗೆ ಹರಡಿ ಕೂತಿತು. ಅದು ಇಪ್ಪತ್ತೈದು ಚಿಲ್ಲರೆ, ಅದೂ ಮನೆಯವಳ ಚೀಟಿ ದುಡ್ಡು.

ಮೂರನೇದಕ್ಕೆ ಹೋಳುಗಳು ಬಾಯಿಬಿಡದ ಹಾಗೆ ಟೇಪರ್ ರಿಂಗ್‌ನೊಳಗೆ (ಒಳಗೆ ಇಳಿಜಾರಿರೋ ಬಳೆ) ಒತ್ತಿ ಕೂರಿಸಿದೆ. ಮೂಲೆಯ ರೇಡಿಯಸ್ ಎಷ್ಟು ಅಂತ ಕೇಳಬೇಡಿ. ಜಾರಲಿ ಅಂತ ಹಚ್ಚೋ ಮಾಲಿಬ್ಡಿನಮ್ ಗ್ರೀಸ್‌ಗೆ ಇನ್ನೊಂದು ಸಾಮಾನು ಬೆರೆಸ್ತೀನಿ, ಅದನ್ನೂ ಕೇಳಬೇಡಿ.

ಮೊದಲ ಪಾಸ್‌ಗೆ, ಅಂದ್ರೆ ಮೊದಲ ಸಲ ತಳ್ಳೋಕೆ, ಎಂಟು ಟನ್, ನಾಲ್ಕನೇದಕ್ಕೆ ಹದಿಮೂರರ ಹತ್ತಿರ. ಪ್ರತಿ ಸಲ ರಾಡನ್ನು ಒಂದೇ ದಿಕ್ಕಿಗೆ 90 ಡಿಗ್ರಿ ತಿರುಗಿಸಿ ಹಾಕಬೇಕು. ಹುಡುಗ ಲೆಕ್ಕ ತಪ್ಪಿ ಒಂದು ದಿನದ ಕೆಲಸ ಹಾಳುಮಾಡಿದ ಮೇಲೆ ರಾಡಿನ ಬಾಲಕ್ಕೆ ಅರದಲ್ಲಿ ಗೀರು ಹಾಕೋದು ಕಲಿತೆವು. ಕಾಯಿಸಿ ಮೆತ್ತಗೆ ಮಾಡಿದ ತಾಮ್ರ ವಿಕರ್ಸ್ ಗಟ್ಟಿತನದ ಅಳತೆಯಲ್ಲಿ 50ರ ಆಸುಪಾಸು; ಒಂದೇ ಪಾಸ್‌ಗೆ ನೂರು ದಾಟಿತು, ನಾಲ್ಕಕ್ಕೆ 130. ಎಂಟರ ತನಕ ತಳ್ಳಿದೆ, ಕರೆಂಟ್ ಬಿಲ್ ಒಂದೇ ಏರಿದ್ದು. ವಿದ್ಯುತ್ ಹರಿಯೋ ಗುಣ ಮಾತ್ರ ಹೆಚ್ಚೇನೂ ಇಳಿಯಲಿಲ್ಲ, ನನಗೆ ಬೇಕಿದ್ದದ್ದೂ ಅದೇ.

ಆಸೆಗೆ ಬಿದ್ದು ಸ್ಪಾಟ್ ವೆಲ್ಡಿಂಗ್ ಟಿಪ್ ಮಾಡಿದೆ. ಅರ್ಧ ದಿನಕ್ಕೆ ಮೂತಿ ಹರಡಿ ಅಣಬೆ ಆಯ್ತು. ಒಂದು ತುಂಡನ್ನು 250 ಡಿಗ್ರಿಯಲ್ಲಿ ಗಂಟೆ ಹೊತ್ತು ಇಟ್ಟು ನೋಡಿದರೆ ಗಟ್ಟಿತನವೆಲ್ಲ ಕರಗಿ 60ಕ್ಕೆ ಬಂದಿತ್ತು. ಇಷ್ಟು ಹಿಂಸೆ ತಿಂದ ತಾಮ್ರ ಸ್ವಲ್ಪ ಬಿಸಿಗೇ ಹೊಸ ಕಣ ಕಟ್ಟಿಕೊಂಡು ಮೆತ್ತಗಾಗುತ್ತೆ. ಹಾಗಾಗಿ ತಣ್ಣಗಿರೋ ಕಾಂಟ್ಯಾಕ್ಟ್ ಪಿನ್‌ಗಷ್ಟೇ ಕೊಡ್ತಿದ್ದೀನಿ. ಟಿಪ್‌ಗೆ ಬಿಸಿ ತಡೆಯೋ ಕ್ರೋಮಿಯಂ-ಜಿರ್ಕೋನಿಯಂ ತಾಮ್ರದ ರಾಡ್ ತರಿಸಿದ್ದೀನಿ. ಅದನ್ನು ತಳ್ಳೋಕೆ ಪ್ರೆಸ್ಸಿನ ಈ ಪಂಚ್ (ತಳ್ಳೋ ಕಡ್ಡಿ) ತಡೆಯೋ ಹಾಗೆ ಕಾಣಲ್ಲ.