ಕೋಡ್ ಬದಲಾದ ದಿನವೇ ಡಾಕ್ಯುಮೆಂಟೇಶನ್ ಕೂಡ ಬದಲಾಗಲಿ

ಗೂಗಲ್ ಸಮ್ಮರ್ ಆಫ್ ಕೋಡ್‌ನಂತಹ ಕಾರ್ಯಕ್ರಮಗಳ ಮೂಲಕ ಮೊದಲ ಬಾರಿಗೆ ಮುಕ್ತ ತಂತ್ರಾಂಶಕ್ಕೆ ಕೋಡ್ ಬರೆಯುತ್ತಿರುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ: ಡಾಕ್ಯುಮೆಂಟೇಶನ್ ಕೆಲಸವನ್ನು, ಅಂದರೆ ತಂತ್ರಾಂಶದ ವಿವರಣೆ ಬರೆಯುವುದನ್ನು, ದಯವಿಟ್ಟು ಕೊನೆಯ ವಾರಕ್ಕೆಂದು ಎತ್ತಿಡಬೇಡಿ. 2005ರಲ್ಲಿ ಆರಂಭವಾದ ಈ ಕಾರ್ಯಕ್ರಮದಲ್ಲಿ ಕೋಡಿಂಗ್ ಅವಧಿ ಸಾಮಾನ್ಯವಾಗಿ 12 ವಾರಗಳದ್ದು; ಅಷ್ಟರಲ್ಲಿ ಫಂಕ್ಷನ್‌ಗಳ ಹೆಸರು, ಸೆಟ್ಟಿಂಗ್‌ಗಳು, ಇನ್‌ಸ್ಟಾಲ್ ಮಾಡುವ ಕ್ರಮ ಎಲ್ಲವೂ ಹಲವು ಸಲ ಬದಲಾಗುವುದರಿಂದ, ಯಾವುದನ್ನು ಏಕೆ ಬದಲಿಸಿದೆವು ಎಂಬುದು ಕೊನೆಗೆ ಬರೆದವರಿಗೇ ನೆನಪಿರುವುದಿಲ್ಲ.

ನಾನು ಅನುಸರಿಸುವ ಕ್ರಮ ಸರಳವಾದದ್ದು. ಕೋಡ್ ಮತ್ತು ಅದರ ವಿವರಣೆ ಒಂದೇ ಪುಲ್ ರಿಕ್ವೆಸ್ಟ್‌ನಲ್ಲಿ (ನಮ್ಮ ಬದಲಾವಣೆಯನ್ನು ಯೋಜನೆಗೆ ಸೇರಿಸಿಕೊಳ್ಳಿ ಎಂಬ ಕೋರಿಕೆಯಲ್ಲಿ) ಇರಬೇಕು. ಒಂದು ಕಮಾಂಡ್‌ನ ‘ಔಟ್‌ಪುಟ್’ ಎಂಬ ಆಯ್ಕೆಯ ಹೆಸರನ್ನು ‘ಫೈಲ್’ ಎಂದು ಬದಲಿಸಿದಿರಿ ಎನ್ನೋಣ. ರೀಡ್‌ಮಿಯಲ್ಲಿ (ಯೋಜನೆಯನ್ನು ಪರಿಚಯಿಸುವ ಕಡತದಲ್ಲಿ), ಹೆಲ್ಪ್ ಪಠ್ಯದಲ್ಲಿ, ಮಾದರಿ ಸ್ಕ್ರಿಪ್ಟ್‌ಗಳಲ್ಲಿ ಹಳೆಯ ಹೆಸರು ಉಳಿದಿದೆಯೇ ಎಂದು ಗ್ರೆಪ್ ಎಂಬ ಪದ ಹುಡುಕುವ ಕಮಾಂಡ್ ಮೂಲಕ ಹುಡುಕಿ ಆಗಲೇ ತಿದ್ದಬೇಕು. ಬಿಟ್ಟುಹೋದ ಒಂದೇ ಸಾಲಿನಿಂದ ಹೊಸಬರೊಬ್ಬರ ಇಡೀ ಸಂಜೆ ವ್ಯರ್ಥವಾಗಬಹುದು. ಪೈಥಾನ್ ಭಾಷೆಯ ಯೋಜನೆಯಾದರೆ ಡಾಕ್‌ಟೆಸ್ಟ್ ಎಂಬ ಸಾಧನ ಬಳಸಿ: ಅದು ವಿವರಣೆಯೊಳಗಿನ ಉದಾಹರಣೆಗಳನ್ನು ನಿಜವಾಗಿಯೂ ರನ್ ಮಾಡಿ, ಅಲ್ಲಿ ಬರೆದಿರುವ ಉತ್ತರವೇ ಬರದಿದ್ದರೆ ತಪ್ಪೆಂದು ತೋರಿಸುತ್ತದೆ.

ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವ ಮೆಂಟರ್‌ಗಳ ಹೊಣೆಯೂ ಇಲ್ಲಿ ದೊಡ್ಡದು. ವಿವರಣೆಯಿಲ್ಲದ ಪುಲ್ ರಿಕ್ವೆಸ್ಟನ್ನು ‘ಆಮೇಲೆ ಬರೆಯಲಿ’ ಎಂದು ಮರ್ಜ್ ಮಾಡಿಬಿಟ್ಟರೆ (ಯೋಜನೆಗೆ ಸೇರಿಸಿಬಿಟ್ಟರೆ), ಕಾಲೇಜು, ಪರೀಕ್ಷೆಗಳ ನಡುವೆ ಆ ‘ಆಮೇಲೆ’ ಬರುವುದೇ ಇಲ್ಲ.

ಮಧ್ಯಾವಧಿ ಮೌಲ್ಯಮಾಪನಕ್ಕೆ ಮುನ್ನ ಇನ್ನೊಂದು ಕೆಲಸ ಮಾಡಿ. ಯೋಜನೆಯ ಪರಿಚಯವೇ ಇಲ್ಲದ ಗೆಳೆಯರೊಬ್ಬರಿಗೆ, ರೀಡ್‌ಮಿಯನ್ನಷ್ಟೇ ನೋಡಿಕೊಂಡು ತಮ್ಮ ಲ್ಯಾಪ್‌ಟಾಪ್‌ನಲ್ಲಿ ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡಲು ಹೇಳಿ, ನೀವು ಪಕ್ಕದಲ್ಲಿ ಸುಮ್ಮನೆ ಕುಳಿತು ಗಮನಿಸಿ. ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ಅಂದೇ ತಿದ್ದಿ.