ಮೂತ್ರಬಾಧೆಯ ಬೆಕ್ಕಿಗಾಗಿ ಮಳೆಗಾಲದ ಮನೆಯನ್ನು ಸಜ್ಜುಗೊಳಿಸುವುದು ಹೇಗೆ?

ಆರಿದ್ರಾ ಮಳೆ ಹಿಡಿದು ಬಿಡದೆ ಸುರಿಯತೊಡಗಿದರೆ ಶಿರಸಿ, ಸಿದ್ದಾಪುರದ ಕಡೆಯ ಮನೆಗಳಲ್ಲಿ ಬೆಕ್ಕುಗಳು ಬಚ್ಚಲ ಒಲೆಯ ಪಕ್ಕ ಬಿಟ್ಟು ಏಳುವುದಿಲ್ಲ. ಉಳಿದ ದಿನಗಳಲ್ಲಿ ಹಿತ್ತಿಲ ಸಡಿಲ ಮಣ್ಣನ್ನು ಕೆದರಿ, ಮೂತ್ರ ಮಾಡಿ, ಮುಚ್ಚಿ ಬರುತ್ತಿದ್ದ ಪ್ರಾಣಿಗೆ ಆ ಮಣ್ಣು ಕೆಸರಾದ ಮೇಲೆ ಹೋಗಲು ಜಾಗವೇ ಉಳಿಯುವುದಿಲ್ಲ. ಹೀಗಾಗಿ ಅದು ಗಂಟೆಗಟ್ಟಲೆ ತಡೆದುಕೊಳ್ಳುತ್ತದೆ. ಮೂತ್ರಕೋಶ ಸೂಕ್ಷ್ಮವಾಗಿರುವ ಬೆಕ್ಕಿನಲ್ಲಿ ತೊಂದರೆ ಮರುಕಳಿಸಲು ಇಂಥ ಒತ್ತಡವೇ ಸಾಕು. ಮತ್ತೆ ಮತ್ತೆ ಕುಕ್ಕರಿಸಿ ಕುಳಿತು ತಿಣುಕುವುದು, ಹನಿ ಹನಿಯಾಗಿ ಮೂತ್ರ ಬರುವುದು, ಅದರಲ್ಲಿ ರಕ್ತದ ಬಣ್ಣ ಕಾಣುವುದು, ಹಾಸಿಗೆಯ ಮೇಲೋ ಕಂಬಳಿಯ ಮೇಲೋ ಹೊಯ್ಯುವುದು ಇದರ ಲಕ್ಷಣಗಳು. ಬೆಕ್ಕಿಗೆ ಸೊಕ್ಕು ಬಂದಿದೆ ಎಂದು ಹೊಡೆದು ಹೊರಗಟ್ಟುವವರನ್ನು ನಾನು ಕಂಡಿದ್ದೇನೆ. ಅದು ಸೊಕ್ಕಲ್ಲ, ನೋವು. ಹೊಡೆತದಿಂದ ಆ ನೋವು ಇನ್ನಷ್ಟು ಹೆಚ್ಚುತ್ತದೆ.

ಹತ್ತು ವರ್ಷದೊಳಗಿನ ಬೆಕ್ಕುಗಳಲ್ಲಿ ಈ ಲಕ್ಷಣಗಳ ಹಿಂದೆ ಬಹುತೇಕ ಸಂದರ್ಭಗಳಲ್ಲಿ ಸೋಂಕಾಗಲಿ ಕಲ್ಲಾಗಲಿ ಕಂಡುಬರುವುದಿಲ್ಲ. ಬೆಕ್ಕು ಭಯದಲ್ಲೋ ಗೊಂದಲದಲ್ಲೋ ಇರುವಾಗ ಅದರ ನರವ್ಯೂಹ ಸದಾ ಎಚ್ಚರದ ಸ್ಥಿತಿಯಲ್ಲಿರುತ್ತದೆ, ಮೂತ್ರಕೋಶದ ಒಳಗೋಡೆಯನ್ನು ಕಾಯುವ ತೆಳು ಪದರ ದುರ್ಬಲಗೊಳ್ಳುತ್ತದೆ, ಮೂತ್ರದಲ್ಲಿರುವ ಲವಣಗಳು ನೇರವಾಗಿ ನರಗಳನ್ನು ಕೆರಳಿಸಿ ಉರಿಯೂತವನ್ನು ಉಂಟುಮಾಡುತ್ತವೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ಟೋನಿ ಬಫಿಂಗ್ಟನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ತೊಂದರೆಯಿದ್ದ 46 ಸಾಕುಬೆಕ್ಕುಗಳ ಮನೆಯ ವಾತಾವರಣವನ್ನು ಬದಲಿಸಿ ಹತ್ತು ತಿಂಗಳು ಗಮನಿಸಿದಾಗ, ಮೂತ್ರದ ತೊಂದರೆಯೂ ಅಂಜಿಕೆಯೂ ಗಣನೀಯವಾಗಿ ತಗ್ಗಿದ್ದವು. ಮನೆಯನ್ನು ಸರಿಪಡಿಸುವುದನ್ನು ಚಿಕಿತ್ಸೆಯ ಭಾಗವೆಂದೇ ಎಣಿಸಬೇಕೆಂದು ನಾನು ಹೇಳುವುದು ಇದರಿಂದಾಗಿ.

ಆದರೆ ಮೊದಲ ಹೆಜ್ಜೆ ಪಶುವೈದ್ಯರಲ್ಲಿಗೇ ಹೋಗಬೇಕು. ಗಂಡುಬೆಕ್ಕಿನ ಮೂತ್ರನಾಳ ಬಹಳ ಸಪೂರವಾಗಿರುವುದರಿಂದ ಹರಳು ಅಥವಾ ಲೋಳೆ ಸಿಕ್ಕಿಕೊಂಡು ಪೂರ್ತಿ ಕಟ್ಟಿಹೋಗಬಹುದು. ಆಗ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪುತ್ತದೆ. ಒಂದೆರಡು ದಿನದೊಳಗೆ ಪ್ರಾಣವೇ ಹೋಗಬಹುದು. ನಮ್ಮ ಮನೆಯ ಬೂದು ಗಂಡುಬೆಕ್ಕು ತಿಣುಕುತ್ತಿದ್ದಾಗ ಮಲಬದ್ಧತೆಯೆಂದು ಭಾವಿಸಿ ಒಂದು ಸಂಜೆಯನ್ನು ಕಳೆದ ನಾನು, ಆ ತಡವನ್ನು ನೆನೆದು ಈಗಲೂ ನೊಂದುಕೊಳ್ಳುತ್ತೇನೆ. ತಿಣುಕಿದರೂ ಮೂತ್ರದ ಹನಿ ಬೀಳದಿದ್ದರೆ, ಹೊಟ್ಟೆ ಗಟ್ಟಿಯಾಗಿದ್ದರೆ, ವಾಂತಿಯಿದ್ದರೆ ಬೆಳಗಾಗಲೆಂದು ಕಾಯಬಾರದು. ಉಷ್ಣವೆಂದು ಬಗೆದು ಎಳನೀರು ಕುಡಿಸುವ ರೂಢಿ ನಮ್ಮ ಕರಾವಳಿಯಲ್ಲಿದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿರುವುದರಿಂದ ಮೂತ್ರ ಕಟ್ಟಿದ ಬೆಕ್ಕಿಗೆ ಅದು ಅಪಾಯಕಾರಿ. ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರೆಯನ್ನಂತೂ ಚೂರು ಕೂಡ ಕೊಡಬಾರದು, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ವೈದ್ಯರು ಪರೀಕ್ಷಿಸಿ ಬೇರೆ ಕಾರಣವಿಲ್ಲವೆಂದು ತಿಳಿಸಿದ ಮೇಲೆ ಮನೆಯ ಕೆಲಸವನ್ನು ಆರಂಭಿಸಬಹುದು. ಎಲ್ಲಕ್ಕಿಂತ ಮುಖ್ಯವಾದುದು ಮೂತ್ರಕ್ಕೆ ಒಣ ಜಾಗ. ಬೆಕ್ಕಿನ ಮೈ ಉದ್ದದ ಒಂದೂವರೆ ಪಟ್ಟಾದರೂ ಉದ್ದವಿರುವ, ಒಂದು ಬದಿಯ ಅಂಚು ತಗ್ಗಾಗಿರುವ ಪ್ಲಾಸ್ಟಿಕ್ ಟಬ್ಬನ್ನು ಆರಿಸಿಕೊಳ್ಳಬೇಕು. ಅದರೊಳಗೆ ಹಾಕಲು, ಮೂತ್ರ ಹೀರಿಕೊಳ್ಳುವ ‘ಲಿಟರ್’ ಎಂಬ ಪುಡಿ ಸುವಾಸನೆಯಿಲ್ಲದ್ದು ಅಂಗಡಿಯಲ್ಲಿ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಜರಡಿ ಹಿಡಿದ ನುಣುಪು ಮರಳೇ ಸಾಕು. ಜೂನ್ ಬಂದ ಮೇಲೆ ಒಣ ಮರಳು ಎಲ್ಲಿಯೂ ದೊರೆಯದ ಕಾರಣ ಮೇ ತಿಂಗಳ ಬಿಸಿಲಿನಲ್ಲಿಯೇ ಎರಡು ಮೂರು ಚೀಲ ಒಣಗಿಸಿ ಅಟ್ಟದ ಮೇಲಿಡುವುದು ಲೇಸು. ಟಬ್ಬುಗಳ ಸಂಖ್ಯೆ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಬೇಕು, ಮತ್ತು ಅವು ಬೇರೆ ಬೇರೆ ಕೋಣೆಗಳಲ್ಲಿರಬೇಕು. ಒಂದರ ಪಕ್ಕ ಒಂದಿಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ. ಮಿಕ್ಸಿ, ವಾಷಿಂಗ್ ಮಷಿನ್ ಅಥವಾ ನಾಯಿಯ ಹತ್ತಿರ ಇಡಬಾರದು. ದಿನಕ್ಕೆ ಎರಡು ಬಾರಿ ಗಂಟುಗಳನ್ನು ತೆಗೆಯಬೇಕು. ತೊಳೆಯಲು ಬಿಸಿನೀರು ಮತ್ತು ಸೌಮ್ಯ ಸಾಬೂನು ಸಾಕು. ಫಿನಾಯಿಲ್ ಬಳಸಬಾರದು, ಏಕೆಂದರೆ ಅದರ ವಾಸನೆಯನ್ನು ಬೆಕ್ಕು ಸಹಿಸುವುದಿಲ್ಲ, ಅದರಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳು ಬೆಕ್ಕಿಗೆ ವಿಷ.

ಮುಂದಿನದು ನೀರು. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ಆಹಾರದಲ್ಲಿರುವುದೂ ಸೇರಿ ದಿನಕ್ಕೆ ಸುಮಾರು 200 ಮಿಲಿಲೀಟರ್ ನೀರು ಬೇಕು. ಒಣ ಕಾಳಿನ ಆಹಾರದಲ್ಲಿ ನೀರಿನಂಶ ಶೇಕಡಾ ಹತ್ತರಷ್ಟು ಮಾತ್ರ, ಪ್ಯಾಕೆಟಿನ ಹಸಿ ಆಹಾರದಲ್ಲಿ ಶೇಕಡಾ 75ಕ್ಕೂ ಹೆಚ್ಚು. ಹಸಿ ಆಹಾರಕ್ಕೆ ಬದಲಾಯಿಸುವುದಾದರೆ ಏಳರಿಂದ ಹತ್ತು ದಿನ ತೆಗೆದುಕೊಂಡು, ಹಳೆಯದರೊಂದಿಗೆ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಹೋಗಬೇಕು. ಕಾರವಾರ, ಕುಮಟಾದ ಮನೆಗಳಲ್ಲಿ ಬಂಗಡೆಯನ್ನೋ ತಾರ್ಲೆಯನ್ನೋ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿ ಆ ನೀರನ್ನು ಊಟಕ್ಕೆ ಬೆರೆಸಬಹುದು. ಉಪ್ಪು ಹಾಕಿದ ಒಣಮೀನು ಬೇಡ. ಮೀನಿಲ್ಲದ ಮನೆಗಳಲ್ಲಿ ಮೊಸರನ್ನವಷ್ಟೇ ಬೆಕ್ಕಿನ ಪಾಲಾಗುತ್ತದೆ. ಬೆಕ್ಕಿಗೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಮಾಂಸಾಹಾರದಲ್ಲಿ ಮಾತ್ರ ಸಾಕಷ್ಟಿರುವುದರಿಂದ ಅಂಥಲ್ಲಿ ಬೆಕ್ಕಿನ ಸಿದ್ಧ ಆಹಾರವನ್ನು ತರುವುದು ಅನಿವಾರ್ಯ. ನೀರಿನ ಬಟ್ಟಲುಗಳನ್ನು ಊಟದ ತಟ್ಟೆಯಿಂದಲೂ ಟಬ್ಬಿನಿಂದಲೂ ದೂರದಲ್ಲಿ, ಎರಡು ಮೂರು ಕಡೆ ಇಡಬೇಕು.

ಅಡಗಲು ಮತ್ತು ಏರಲು ಜಾಗ ಒದಗಿಸುವುದರಲ್ಲಿ ಮಲೆನಾಡಿನ ಹಳೆಯ ಮನೆಗಳಿಗೆ ಸಾಟಿಯಿಲ್ಲ. ಅಟ್ಟದ ಏಣಿಯನ್ನು ತೆಗೆಯದೆ ಬಿಟ್ಟರೆ, ಮೂಲೆಯಲ್ಲೊಂದು ಗೋಣಿ ಹಾಸಿದ ಪೆಟ್ಟಿಗೆಯಿಟ್ಟರೆ ಬೆಕ್ಕಿಗೆ ಬೇಕಾದುದೆಲ್ಲ ಆಯಿತು. ಆರ್‌ಸಿಸಿ ಮನೆಯವರು ಕಪಾಟಿನ ಮೇಲ್ಭಾಗವನ್ನು ತೆರವು ಮಾಡಿಕೊಡಬಹುದು. ಅಲ್ಲಿ ಅಡಗಿದ ಬೆಕ್ಕನ್ನು ಎಳೆದು ತೆಗೆಯಬಾರದು, ಮಕ್ಕಳಿಗೂ ಇದನ್ನು ಕಟ್ಟುನಿಟ್ಟಾಗಿ ಹೇಳಬೇಕು.

ದಿನಚರಿಯ ಮಹತ್ವವನ್ನು ನಾವು ಕಡೆಗಣಿಸುವುದೇ ಹೆಚ್ಚು. ಅದೇ ಒಹಾಯೊದಲ್ಲಿ ಜೂಡಿ ಸ್ಟೆಲ್ಲಾ ಮತ್ತು ಸಂಗಡಿಗರು 32 ಬೆಕ್ಕುಗಳನ್ನು 77 ವಾರ ಗಮನಿಸಿದಾಗ, ನೋಡಿಕೊಳ್ಳುವವರೂ ಊಟದ ಹೊತ್ತೂ ಬದಲಾದ ವಾರಗಳಲ್ಲಿ ಆರೋಗ್ಯವಂತ ಬೆಕ್ಕುಗಳು ಕೂಡ ಊಟ ಬಿಟ್ಟವು, ಟಬ್ಬಿನ ಹೊರಗೆ ಹೊಲಸು ಮಾಡಿದವು. ನಮ್ಮಲ್ಲಿ ಅಂಥ ವಾರಗಳಿಗೆ ಕೊರತೆಯಿಲ್ಲ: ಅಡಿಕೆ ಸುಲಿಯಲು ರಾತ್ರಿಯೆಲ್ಲ ಜನ ಸೇರುವ ಕೊಯ್ಲಿನ ದಿನಗಳು, ದೀಪಾವಳಿಯ ಪಟಾಕಿ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆಂದು ಮನೆ ತುಂಬುವ ನೆಂಟರು. ಇವನ್ನು ತಪ್ಪಿಸುವಂತಿಲ್ಲ. ಆದ್ದರಿಂದ ನೆಂಟರು ಬರುವ ಮೊದಲೇ ಗದ್ದಲದಿಂದ ದೂರದ ಒಂದು ಕೋಣೆಯಲ್ಲಿ ಟಬ್ಬು, ನೀರು, ಬೆಕ್ಕು ಮಲಗಿ ತನ್ನ ವಾಸನೆ ಹಿಡಿಸಿದ ಹಳೆಯ ಬಟ್ಟೆಯನ್ನಿಟ್ಟು, ಮನೆಯವರಲ್ಲೊಬ್ಬರು ಎಂದಿನ ಹೊತ್ತಿಗೇ ಅಲ್ಲಿ ಊಟ ಹಾಕಬೇಕು. ದಿನಕ್ಕೆ ಎರಡು ಬಾರಿ ಐದು ಹತ್ತು ನಿಮಿಷ, ದಾರಕ್ಕೆ ಕೋಳಿಯ ಗರಿ ಕಟ್ಟಿ ಬೇಟೆಯಂತೆ ಆಡಿಸಿ, ಕೊನೆಗೆ ತಿನ್ನಲು ಏನಾದರೂ ಆಹಾರ ಕೊಟ್ಟರೆ ಬೆಕ್ಕು ಹಗುರಾಗುತ್ತದೆ. ಆಟ ಮುಗಿದೊಡನೆ ದಾರವನ್ನು ಎತ್ತಿಡಬೇಕು, ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು.

ಒಂದಕ್ಕಿಂತ ಹೆಚ್ಚು ಬೆಕ್ಕುಗಳಿದ್ದರೆ ಅವುಗಳ ಜಗಳ ಯಾವಾಗಲೂ ಕಿರುಚಾಟವಾಗಿರುವುದಿಲ್ಲ. ಒಂದು ಬಾಗಿಲಲ್ಲಿ ಸುಮ್ಮನೆ ಕುಳಿತು ದಿಟ್ಟಿಸಿದರೆ ಇನ್ನೊಂದು ಟಬ್ಬಿಗೆ ಹೋಗದೆ ಹಿಂತಿರುಗುವುದುಂಟು. ಊಟವನ್ನು ಪರಸ್ಪರ ಕಾಣದಂತೆ ಬೇರೆ ಬೇರೆ ಕಡೆ ಹಾಕಬೇಕು.

ಗೋಡೆಯ ಕ್ಯಾಲೆಂಡರಿನಲ್ಲಿ ಬೆಕ್ಕು ತಿಣುಕಿದ ದಿನವನ್ನೂ ಅದರ ಹಿಂದಿನ ಎರಡು ಮೂರು ದಿನ ಮನೆಯಲ್ಲಿ ನಡೆದುದನ್ನೂ ಗುರುತಿಸಿಡಬೇಕು. ಇಂಥ ಬಾಧೆ ಸಾಮಾನ್ಯವಾಗಿ ಒಂದು ವಾರದೊಳಗೆ ತಾನೇ ತಗ್ಗುವುದರಿಂದ ನಮ್ಮ ಕೆಲಸ ಫಲಿಸಿತೋ ಇಲ್ಲವೋ ಎಂಬುದು ಒಂದೆರಡು ವಾರದಲ್ಲಿ ತಿಳಿಯುವುದಿಲ್ಲ. ಎರಡು ಬಾಧೆಗಳ ನಡುವಿನ ಅಂತರ ಹಿಗ್ಗಿದೆಯೇ ಎಂದು ಕೆಲವು ತಿಂಗಳ ಗುರುತುಗಳನ್ನು ಜೋಡಿಸಿ ನೋಡಬೇಕು. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಆ ಹಾಳೆಯನ್ನೂ ಕೊಂಡೊಯ್ಯಬೇಕು.